ನೀವು ಯಾವ ದಂಡಿಗೆ ಅದೀರಿ?

ಸಂಜೆ ಆರು ಗಂಟೆ. ತಳವಾರಘಟ್ಟದ ದಡದಲ್ಲಿ ನಾಲ್ಕು ಬ್ಯಾಗು, ಅಮ್ಮ, ಅಜ್ಜಿ, ಫಸ್ಟ್ ಪಿಯುಸಿ ಓದೋ ತಮ್ಮ ಮತ್ತು ನಾನು. ಎದುರಿಗೆ ತುಂಗಭದ್ರಾ ಮಣ್ಣಿನ ಬಣ್ಣದಲ್ಲಿ ತುಂಬಿ ಹರೀತಿದೆ. ಆ ಕಡೆ ದಡದಲ್ಲಿ ಒಂದೊಂದೇ ಲೈಟ್ ಹತ್ತಿಕೊಳ್ತಿದೆ. ಅದೇ ಆನೆಗೊಂದಿ. ನಾನು ಬುಕ್ ಮಾಡಿದ್ದ ಗೆಸ್ಟ್‌ಹೌಸ್ ಇರೋದು ಅಲ್ಲೇ. ಕೂಗಿದ್ರೆ ಕೇಳಿಸುತ್ತೇನೋ ಅನ್ನೋಷ್ಟು ಹತ್ರ.

ನಮ್ಮನ್ನ ಇಳಿಸಿದ ಆಟೋ ಆಗ್ಲೇ ಹೊರಟುಹೋಗಿತ್ತು. ಅಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಬ್ಯಾಗ್‌ಗಳನ್ನ ನೋಡಿ, "ಬೋಟ್ ಬಂದ್ ಐತ್ರಿ. ಡ್ಯಾಮಿಂದ ನೀರು ಬಿಟ್ಟಾರ. ಇವತ್ತೂ ಇಲ್ಲ, ನಾಳೀನೂ ಇಲ್ಲ" ಅಂದ್ರು. ನಾನು ಗೆಸ್ಟ್‌ಹೌಸ್‌ಗೆ ಫೋನ್ ಮಾಡಿದೆ. ಫೋನ್ ತೆಗೆದ ಅಕ್ಕ ಕೇಳಿದ ಮೊದಲನೇ ಪ್ರಶ್ನೆ: "ನೀವು ಈಗ ಯಾವ ದಂಡಿಗೆ ಅದೀರಿ?"

ಆ ಪ್ರಶ್ನೆಯನ್ನ ನಾನು ಒಂದು ವಾರ ಮೊದಲೇ ಕೇಳ್ಕೋಬೇಕಿತ್ತು.

ಎರಡನೇ ಸೆಮ್ ಎಕ್ಸಾಮ್ ಮುಗಿದು ಮೂರನೇ ಸೆಮ್ ಶುರುವಾಗೋ ಮಧ್ಯದ ಆಗಸ್ಟ್ ರಜೆ ಅದು. ಮನೆಯಲ್ಲಿ ಮೊದಲನೇ ಸಲ ಒಂದು ಟ್ರಿಪ್‌ನ ಪೂರ್ತಿ ಜವಾಬ್ದಾರಿ ನನಗೆ ಕೊಟ್ಟಿದ್ರು. ಅಪ್ಪನಿಗೆ ಲೀವ್ ಸಿಕ್ಕಿರಲಿಲ್ಲ. ಅಜ್ಜಿಗೆ ನವಬೃಂದಾವನ ನೋಡ್ಬೇಕು ಅನ್ನೋದು ಬಹಳ ವರ್ಷದ ಆಸೆ. ಆನೆಗೊಂದಿ ಹತ್ತಿರ ತುಂಗಭದ್ರೆಯ ಮಧ್ಯೆ ಇರೋ ನಡುಗಡ್ಡೆ ಅದು, ಒಂಬತ್ತು ಯತಿಗಳ ಬೃಂದಾವನಗಳಿರೋ ಜಾಗ. ನಾನು ಆಪ್‌ನಲ್ಲಿ ಹುಡುಕಿ, ನದಿ ಪಕ್ಕ, ಬಾಳೆ ತೋಟದ ಹತ್ತಿರ, "ವಿಜಯವಿಠ್ಠಲ ದೇವಸ್ಥಾನದಿಂದ 2 ಕಿಮೀ" ಅಂತ ಬರೆದಿದ್ದ ಒಂದು ಗೆಸ್ಟ್‌ಹೌಸ್ ಬುಕ್ ಮಾಡಿದೆ. ಅಜ್ಜಿ ಆಗ್ಲೇ ಕೇಳಿದ್ರು, "ಹೊಳೆ ದಾಟ್ಬೇಕಲ್ವೇನೇ, ದೋಣಿ ಇದ್ಯಾ?" ಅಂತ. "ಅಜ್ಜೀ, ಈಗೆಲ್ಲ ಮ್ಯಾಪ್ ಇದೆ" ಅಂದಿದ್ದೆ. ಆ ಮಾತು ನೆನಪಾದ್ರೆ ಈಗಲೂ ಮುಖ ಬಿಸಿಯಾಗುತ್ತೆ.

ನಮ್ಮ ಕ್ಯಾಂಪಸ್‌ನಲ್ಲಿ ಪ್ರತಿ ರಜೆಗೂ ಒಂದಲ್ಲ ಒಂದು ಗ್ಯಾಂಗ್ "ಹಂಪಿ ಆಚೆ ಕಡೆ" ಸ್ಟೇ ಹುಡುಕ್ತಾನೇ ಇರುತ್ತೆ. ಅವರಿಗೋಸ್ಕರ, ಆ ಸಂಜೆ ನನಗೆ ಗೊತ್ತಿಲ್ಲದೇ ಇದ್ದದ್ದು, ಆಮೇಲೆ ಗೊತ್ತಾಗಿದ್ದು, ಎರಡನ್ನೂ ಬರೀತಿದ್ದೀನಿ.

ಮೊದಲು ಭೂಗೋಳ. ಹಂಪಿ ಹತ್ತಿರ ತುಂಗಭದ್ರಾ ಸುಮಾರಾಗಿ ಪಶ್ಚಿಮದಿಂದ ಪೂರ್ವಕ್ಕೆ, ಬಂಡೆಗಳ ಮಧ್ಯೆ ಓರೆಕೋರೆಯಾಗಿ ಹರಿಯುತ್ತೆ. ನೀರು ಹರಿಯೋ ದಿಕ್ಕಿಗೆ ಮುಖ ಮಾಡಿ ನಿಂತ್ರೆ ನಿಮ್ಮ ಬಲಗೈ ಕಡೆ ಇರೋದು ಬಲದಂಡೆ, ಎಡಗೈ ಕಡೆ ಇರೋದು ಎಡದಂಡೆ. (ನಾನು ಇಸಿ. ಇದನ್ನ ಹೇಳಿಕೊಟ್ಟಿದ್ದು ಸಿವಿಲ್‌ನ ಗೆಳತಿ. "ಇದೂ ಗೊತ್ತಿಲ್ವಾ" ಅನ್ನೋ ಅವಳ ನಗುವಿನ ಸಮೇತ.) ವಿರೂಪಾಕ್ಷ ದೇವಸ್ಥಾನ, ವಿಜಯವಿಠ್ಠಲ, ಕಮಲಾಪುರ, ಹೊಸಪೇಟೆ ಎಲ್ಲ ಬಲದಂಡೆ, ವಿಜಯನಗರ ಜಿಲ್ಲೆ. ಆನೆಗೊಂದಿ, ಅಂಜನಾದ್ರಿ ಬೆಟ್ಟ, ಸಾಣಾಪುರ, ಗಂಗಾವತಿ ಎಲ್ಲ ಎಡದಂಡೆ, ಕೊಪ್ಪಳ ಜಿಲ್ಲೆ. ಈಗಿನ ಲೆಕ್ಕದಲ್ಲಿ ಇದು ಎರಡು ಜಿಲ್ಲೆಗಳ ಗಡಿ ಅಷ್ಟೆ. ಆದ್ರೆ ಸ್ವಾತಂತ್ರ್ಯಕ್ಕೆ ಮುಂಚೆ ಆನೆಗೊಂದಿ ಕಡೆ ಹೈದರಾಬಾದ್ ನಿಜಾಮರ ರಾಜ್ಯ, ಹಂಪಿ ಕಡೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯ. ನದಿಯ ಎರಡು ಕಡೆ ಎರಡು ಸರ್ಕಾರ. ಎರಡೂ ದಂಡೆಯ ಜನ ಮಾತಾಡೋದು ಒಂದೇ ಕನ್ನಡ. ಆದ್ರೆ ದಾರಿಗಳು ಒಂದು ಹೊಸಪೇಟೆಗೆ ತಿರುಗಿದ್ರೆ ಇನ್ನೊಂದು ಗಂಗಾವತಿಗೆ ತಿರುಗಿವೆ. ಬಸ್ ನೋಡಿದ್ರೂ ಹಾಗೇ, ಬಲದಂಡೆ ಹಳ್ಳಿಗಳಿಗೆ ಹೊಸಪೇಟೆಯಿಂದ, ಎಡದಂಡೆ ಹಳ್ಳಿಗಳಿಗೆ ಹೆಚ್ಚಾಗಿ ಗಂಗಾವತಿಯಿಂದ.

ಹಾಗಾಗಿ "ವಿಠ್ಠಲ ದೇವಸ್ಥಾನದಿಂದ 2 ಕಿಮೀ" ಅನ್ನೋದು ಸುಳ್ಳಲ್ಲ. ಕಾಗೆ ಹಾರೋ ದೂರ ಅದು. ನಾವು ಕಾಗೆಗಳಲ್ಲ ಅನ್ನೋದೊಂದೇ ಸಮಸ್ಯೆ.

ಸೇತುವೆ ಯಾಕಿಲ್ಲ ಅಂತ ನಮ್ಮ ತಮ್ಮ ಅಲ್ಲೇ ದಡದಲ್ಲಿ ಕೇಳಿದ. ಇಂಜಿನಿಯರಿಂಗ್ ಓದೋರು ತಿಳ್ಕೊಳ್ಳಲೇಬೇಕಾದ ಕಥೆ ಇದು. ವಿಜಯನಗರದ ಕಾಲದಲ್ಲೇ ಇಲ್ಲಿ ಕಲ್ಲಿನ ಸೇತುವೆ ಇತ್ತು. ವಿಠ್ಠಲ ದೇವಸ್ಥಾನದ ಹಿಂದೆ ನದಿ ಕಡೆ ನಡೆದ್ರೆ ಅದರ ಕಲ್ಲುಕಂಬಗಳು ಸಾಲಾಗಿ ನಿಂತಿರೋದು ಈಗಲೂ ಕಾಣುತ್ತೆ, ನೀರು ಕಡಿಮೆ ಇದ್ರೆ. ಹೊಸ ಸೇತುವೆ ಕಟ್ಟೋಕೆ ತಳವಾರಘಟ್ಟದಲ್ಲಿ 1990ರ ದಶಕದಲ್ಲಿ ಕೆಲಸ ಶುರುವಾಯ್ತು. ಆದ್ರೆ ಹಂಪಿ 1986ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಸ್ಮಾರಕಗಳ ಮಧ್ಯೆ ಇಂಥ ದೊಡ್ಡ ಕಾಂಕ್ರೀಟ್ ರಚನೆ, ಅದರ ಮೇಲೆ ಓಡಾಡೋ ಗಾಡಿಗಳು ಬಂದ್ರೆ ಆ ಜಾಗ ಹಾಳಾಗುತ್ತೆ ಅಂತ ಆಕ್ಷೇಪ ಬಂತು. 1999ರಲ್ಲಿ ಹಂಪಿ ಯುನೆಸ್ಕೋದ "ಅಪಾಯದಲ್ಲಿರುವ ತಾಣ"ಗಳ ಪಟ್ಟಿಗೆ ಸೇರಿತು. ಅದರಿಂದ ಹೊರಗೆ ಬಂದಿದ್ದು 2006ರಲ್ಲಿ. ಮಧ್ಯೆ ನಿಂತಿದ್ದ ಕೆಲಸ ಮತ್ತೆ ಶುರುವಾಗಿ, 2009ರ ಜನವರಿಯಲ್ಲಿ, ಇನ್ನೂ ಕಟ್ಟುತ್ತಿರುವಾಗಲೇ ಸೇತುವೆ ಕುಸಿದುಬಿತ್ತು. ಕೆಲಸಗಾರರು ಪ್ರಾಣ ಕಳ್ಕೊಂಡ್ರು. ನಮಗೆ ಫೇಲ್ಯೂರ್ ಅನ್ನೋದು ಲ್ಯಾಬ್‌ನಲ್ಲಿ ಮುರಿಯೋ ಒಂದು ಸ್ಪೆಸಿಮೆನ್. ಅಲ್ಲಿ ನಿಂತಾಗ ಆ ಪದ ಬೇರೆ ಥರ ಕೇಳಿಸುತ್ತೆ.

ಆಮೇಲೆ ಪರಂಪರೆಯ ಮುಖ್ಯ ಪ್ರದೇಶದಿಂದ ಕೆಳಗೆ, ಬುಕ್ಕಸಾಗರ ಮತ್ತು ಕಡೆಬಾಗಿಲು ಹಳ್ಳಿಗಳ ಮಧ್ಯೆ ಬೇರೆ ಸೇತುವೆ ಕಟ್ಟಿದ್ರು. ಈಗ ರಸ್ತೆಯಲ್ಲಿ ಹೊಳೆ ದಾಟೋರಿಗೆ ಹತ್ತಿರದ ದಾರಿ ಇದೇ. ಈ ಹೆಸರು ನೆನಪಿಟ್ಕೊಳ್ಳಿ: ಕಡೆಬಾಗಿಲು ಸೇತುವೆ. ಆಟೋದವರಿಗೆ, ಕ್ಯಾಬ್‌ನವರಿಗೆ ಇಷ್ಟು ಹೇಳಿದ್ರೆ ಸಾಕು, ನೀವು ಹೊಸಬರಲ್ಲ ಅಂತ ಅವರಿಗೆ ಗೊತ್ತಾಗುತ್ತೆ.

ದೋಣಿಯ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ, ಯಾಕಂದ್ರೆ ನಾವು ಸಿಕ್ಕಿಹಾಕ್ಕೊಂಡಿದ್ದು ಅಲ್ಲೇ. ತಳವಾರಘಟ್ಟದಿಂದ ಆನೆಗೊಂದಿಗೆ ಮೋಟಾರ್ ಬೋಟ್ ಇದೆ, ಬೈಕ್ ಕೂಡ ಹತ್ತಿಸ್ತಾರೆ. ಅದಕ್ಕೂ ಹಳೇದು ಹರಿಗೋಲು. ದುಂಡಗೆ ಬುಟ್ಟಿ ಥರ ಇರುತ್ತಲ್ಲ, ಅದು. ನಾನು ಅದನ್ನ ತೆಪ್ಪ ಅಂತ ಕರೆದು ಆನೆಗೊಂದಿಯಲ್ಲಿ ತಿದ್ದಿಸ್ಕೊಂಡೆ. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕೂಡ ಆನೆಗೊಂದಿ ಹತ್ತಿರ ಜನ ಬೆತ್ತದ, ಹೊರಗೆ ಚರ್ಮ ಹೊದಿಸಿದ ದುಂಡನೆ ದೋಣಿಗಳಲ್ಲಿ ಹೊಳೆ ದಾಟೋದನ್ನ ಬರೆದಿಟ್ಟಿದ್ದಾನೆ. ಐನೂರು ವರ್ಷ ಆದ್ರೂ ಆ ಡಿಸೈನ್ ಬದಲಾಗಿಲ್ಲ. ಬಂಡೆಗೆ ಗುದ್ದಿದ್ರೂ ತಿರುಗಿ ಪಕ್ಕಕ್ಕೆ ಸರಿಯುತ್ತೆ, ತಳ ಚಪ್ಪಟೆಯಾದ್ದರಿಂದ ಸ್ವಲ್ಪ ನೀರಲ್ಲೂ ಹೋಗುತ್ತೆ. ಬಂಡೆ ತುಂಬಿದ ನದಿಗೆ ಇದಕ್ಕಿಂತ ಸರಿಯಾದ ಆಕಾರ ಯೋಚಿಸಿ ನೋಡಿ, ನನಗಂತೂ ಹೊಳೆದಿಲ್ಲ.

ಆದ್ರೆ ದೋಣಿಗೆ ಎರಡು ಶತ್ರುಗಳು. ಒಂದು ಕತ್ತಲೆ. ಸಂಜೆಯ ಮೇಲೆ ದಾಟಿಸೋದಿಲ್ಲ. ಕೊನೇ ಟ್ರಿಪ್ ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ಕೇಳಿಡಬೇಕು. ಎರಡನೇದು ಡ್ಯಾಮ್.

ಹೊಸಪೇಟೆ ಪಕ್ಕದ ತುಂಗಭದ್ರಾ ಅಣೆಕಟ್ಟಿಗೆ 33 ಕ್ರೆಸ್ಟ್ ಗೇಟ್‌ಗಳಿವೆ. ಮಲೆನಾಡಲ್ಲಿ ಮಳೆ ಜೋರಾದ್ರೆ ತುಂಗಾ, ಭದ್ರಾ ಎರಡೂ ಸೇರಿ ನೀರು ಬಂದು ಡ್ಯಾಮ್ ತುಂಬುತ್ತೆ, ಗೇಟ್ ತೆಗೀತಾರೆ. ಅಂದ್ರೆ ಹಂಪಿಯಲ್ಲಿ ಒಂದು ಹನಿ ಮಳೆ ಇಲ್ಲದೇ ಇದ್ರೂ, ಬಿಸಿಲು ಹೊಡೀತಾ ಇದ್ರೂ, ಹೊಳೆ ತುಂಬಿ ಬರಬಹುದು. ನಾನು ಎಡವಿದ್ದು ಇಲ್ಲೇ. ಹೊರಡೋ ಮುಂಚೆ ಹೊಸಪೇಟೆ ಹವಾಮಾನ ನೋಡಿದ್ದೆ, "ಬಿಸಿಲು" ಅಂತಿತ್ತು, ಖುಷಿಯಾಗಿದ್ದೆ. ನೋಡಬೇಕಾಗಿದ್ದು ಶಿವಮೊಗ್ಗ, ಶೃಂಗೇರಿ ಕಡೆಯ ಮಳೆ ಮತ್ತು ಡ್ಯಾಮಿನ ಹೊರಹರಿವು.

ಹೊರಹರಿವನ್ನ ಪೇಪರ್‌ನಲ್ಲಿ ಕ್ಯೂಸೆಕ್‌ನಲ್ಲಿ ಹಾಕ್ತಾರೆ. ಒಂದು ಕ್ಯೂಸೆಕ್ ಅಂದ್ರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. "1 ಲಕ್ಷ ಕ್ಯೂಸೆಕ್" ಅಂದ್ರೆ ಸೆಕೆಂಡಿಗೆ 28 ಲಕ್ಷ ಲೀಟರ್‌ಗೂ ಹೆಚ್ಚು. ಬೇಸಿಗೆಯಲ್ಲಿ ನಮ್ಮ ಹಾಸ್ಟೆಲ್‌ಗೆ ನೀರು ತರೋ ದೊಡ್ಡ ಟ್ಯಾಂಕರ್ 12,000 ಲೀಟರ್ ಅಂತಿಟ್ಕೊಂಡ್ರೆ, ಒಂದೊಂದು ಸೆಕೆಂಡಿಗೆ 230ಕ್ಕಿಂತ ಜಾಸ್ತಿ ಟ್ಯಾಂಕರ್ ಖಾಲಿ ಮಾಡಿದ ಹಾಗೆ. ಡ್ಯಾಮಿಂದ ಹಂಪಿ ಭಾಗಕ್ಕೆ ಹೊಳೆಯ ದಾರಿ ಸುಮಾರು 20 ಕಿಮೀ, ನೀರಿನ ವೇಗ ಸೆಕೆಂಡಿಗೆ 2 ಮೀಟರ್ ಅಂತ ಊಹೆ ಮಾಡಿದ್ರೆ 10,000 ಸೆಕೆಂಡ್, ಅಂದ್ರೆ ಮೂರು ಗಂಟೆಗೂ ಕಡಿಮೆ. ಇದು ನೋಟ್‌ಬುಕ್ ಹಿಂದಿನ ಪುಟದ ಲೆಕ್ಕ, ಪರೀಕ್ಷೆಗೆ ಬರೀಬೇಡಿ. ಬೆಳಿಗ್ಗೆ ದೋಣಿ ನಡೀತಿತ್ತು ಅನ್ನೋದು ಸಂಜೆಗೆ ಗ್ಯಾರಂಟಿ ಅಲ್ಲ ಅಂತ ಹೇಳೋಕೆ ಇಷ್ಟು ಸಾಕು.

2024ರ ಆಗಸ್ಟ್ 10ರ ರಾತ್ರಿ ಇದೇ ಡ್ಯಾಮಿನ 19ನೇ ಗೇಟ್‌ನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಗಿದ್ದು ನಿಮಗೆ ನೆನಪಿರಬಹುದು. ನೀರು ಹರೀತಿರುವಾಗಲೇ, ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಒಂದರ ಮೇಲೊಂದು ಸ್ಟಾಪ್‌ಲಾಗ್ ಇಳಿಸಿ, ಸುಮಾರು ಒಂದು ವಾರದಲ್ಲಿ ಆ ಕಿಂಡಿ ಮುಚ್ಚಿದ್ರು. ಅಂಥ ದೊಡ್ಡ ಸುದ್ದಿಯಾದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಮಾಮೂಲಿ ಗೇಟ್ ತೆಗೆದಾಗ ಗೊತ್ತಾಗೋದು ನದಿ ದಡದವರಿಗೆ ಮಾತ್ರ. ಅದಕ್ಕೇ ಹೇಳೋದು, ಮಳೆಗಾಲದಲ್ಲಿ ಹೋಗೋದಾದ್ರೆ ಹೊರಡೋ ಹಿಂದಿನ ದಿನ ಮತ್ತು ಹೋಗೋ ದಿನ, ಎರಡು ಸಲ ಗೆಸ್ಟ್‌ಹೌಸ್‌ಗೆ ಫೋನ್ ಮಾಡಿ, "ಹೊಳೆ ಹೆಂಗಿದೆ" ಅಂತ ಕೇಳಿ. ಈ ಪ್ರಶ್ನೆಗೆ ಯಾವ ಆಪ್‌ಗಿಂತಲೂ ಅವರ ಉತ್ತರ ಸರಿ ಇರುತ್ತೆ.

ಇನ್ನು ದಾರಿಗಳು.

ಬೆಂಗಳೂರಿಂದ ಎಲ್ಲರೂ ಮೊದಲು ಹೇಳೋದು ಹಂಪಿ ಎಕ್ಸ್‌ಪ್ರೆಸ್. ಮೈಸೂರಿಂದ ಹುಬ್ಬಳ್ಳಿಗೆ ಹೋಗೋ ರೈಲು, ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಿಗ್ಗೆ ಹೊಸಪೇಟೆ. ತಮಾಷೆ ಅಂದ್ರೆ ಇದು ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗೋಕೆ ಹಿಂದೂಪುರ, ಅನಂತಪುರ, ಗುಂತಕಲ್ ಅಂತ ಆಂಧ್ರ ಸುತ್ತಿ ಬಳ್ಳಾರಿ ಮೇಲೆ ಬರುತ್ತೆ. ನಾವೂ ಇದರಲ್ಲೇ ಹೋಗಿದ್ದು. ಹಂಪಿ ಕಡೆ ಉಳಿಯೋರಿಗೆ ಇದು ಬೆಸ್ಟ್. ಹೊಸಪೇಟೆ ಬಸ್ ಸ್ಟ್ಯಾಂಡಿಂದ ಹಂಪಿಗೆ ಬಸ್ ಇದ್ದೇ ಇರುತ್ತೆ, 13 ಕಿಲೋಮೀಟರ್. ಆದ್ರೆ ನಿಮ್ಮ ರೂಮ್ ಎಡದಂಡೆಯಲ್ಲಿದ್ರೆ ಹೊಸಪೇಟೆಯಲ್ಲಿ ಇಳಿದ ಕ್ಷಣದಿಂದ ನೀವು ತಪ್ಪು ದಂಡೆಯಲ್ಲಿ ಇದ್ದೀರಿ, ದಾಟೋದು ಒಂದು ಕೆಲಸ ಬಾಕಿ ಇದೆ ಅಂತ ತಲೆಯಲ್ಲಿ ಇಟ್ಕೊಳ್ಳಿ.

ಎಡದಂಡೆಗೆ ನೇರ ಹೋಗೋಕೆ ಗಂಗಾವತಿ ಹಿಡೀಬೇಕು. ನನಗೆ ಇದು ಗೊತ್ತಾಗಿದ್ದು ಗೆಸ್ಟ್‌ಹೌಸ್ ಅಕ್ಕ ಹೇಳಿದ ಮೇಲೆ. ಬೆಂಗಳೂರಿಂದ ಗಂಗಾವತಿಗೆ ರಾತ್ರಿ ಸರ್ಕಾರಿ ಬಸ್‌ಗಳಿವೆ. ಗಂಗಾವತಿಗೆ 2019ರಲ್ಲಿ ರೈಲೂ ಬಂದಿದೆ, ಯಶವಂತಪುರದಿಂದ ಸಿಂಧನೂರಿಗೆ ಹೋಗೋ ರಾತ್ರಿ ರೈಲು ಅಲ್ಲಿ ನಿಲ್ಲುತ್ತೆ. ನಮ್ಮಲ್ಲಿ ಎಷ್ಟೋ ಜನಕ್ಕೆ ಗಂಗಾವತಿಗೆ ರೈಲಿದೆ ಅನ್ನೋದೇ ಗೊತ್ತಿಲ್ಲ, ಅದಕ್ಕೇ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ವೇಟಿಂಗ್ ಲಿಸ್ಟ್‌ನಲ್ಲಿದ್ದಾಗ ಟ್ರಿಪ್ಪೇ ಕ್ಯಾನ್ಸಲ್ ಮಾಡ್ತಾರೆ. ಗಂಗಾವತಿಯಿಂದ ಆನೆಗೊಂದಿ ಹತ್ತು ಹನ್ನೆರಡು ಕಿಲೋಮೀಟರ್, ಲೋಕಲ್ ಬಸ್ ಇದೆ, ಶೇರ್ ಆಟೋನೂ ಸಿಗುತ್ತೆ. ಎರಡೂ ಕಡೆ ದಾರಿ ತುಂಬ ಭತ್ತದ ಗದ್ದೆ. ಹೊಳೆ ದಾಟೋ ಮಾತೇ ಇಲ್ಲ. ಅಜ್ಜಿ ಅಮ್ಮ ಜೊತೆ ಹೋಗೋರು ಕಣ್ಣುಮುಚ್ಚಿ ಇದನ್ನೇ ಆರಿಸ್ಕೊಳ್ಳಿ.

ಬಸ್ ಟಿಕೆಟ್ ವಿಷಯ. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರೋದ್ರಿಂದ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಸರ್ಕಾರಿ ಬಸ್‌ಗಳಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಕರ್ನಾಟಕದ ವಿಳಾಸ ಇರೋ ಗುರುತಿನ ಚೀಟಿ ಬೇಕು. ಸ್ಲೀಪರ್, ಎಸಿ ಬಸ್‌ಗೆ ಇದಿಲ್ಲ. ನಾವು ಓಡಾಡಿದ ಲೋಕಲ್ ಬಸ್‌ಗಳಲ್ಲೆಲ್ಲ ಮೂರು ತಲೆಮಾರಿನ ನಾವು ಮೂವರಿಗೂ ಸೊನ್ನೆ ರೂಪಾಯಿ ಟಿಕೆಟ್, ತಮ್ಮನಿಗೆ ಮಾತ್ರ ದುಡ್ಡು. ಅವನು ಪ್ರತಿ ಸಲ ತನ್ನ ಟಿಕೆಟ್ ನಮಗೆ ತೋರಿಸಿ ತೋರಿಸಿ ಜೇಬಲ್ಲಿ ಇಟ್ಕೊಳ್ತಿದ್ದ.

ಕಾರಾದ್ರೆ ಬೆಂಗಳೂರು, ತುಮಕೂರು, ಶಿರಾ, ಹಿರಿಯೂರು, ಚಿತ್ರದುರ್ಗ, ಇಲ್ಲೀವರೆಗೂ ರಾಷ್ಟ್ರೀಯ ಹೆದ್ದಾರಿ 48. ಚಿತ್ರದುರ್ಗದಲ್ಲಿ ಹೆದ್ದಾರಿ 50ಕ್ಕೆ ತಿರುಗಿ ಕೂಡ್ಲಿಗಿ ಮೇಲೆ ಹೊಸಪೇಟೆ. ಒಟ್ಟು 340 ಕಿಲೋಮೀಟರ್ ಆಸುಪಾಸು, ಊಟ ತಿಂಡಿ ಸೇರಿ ಏಳು ಗಂಟೆ ಇಟ್ಕೊಳ್ಳಿ. ರಸ್ತೆ ಚೆನ್ನಾಗಿದೆ, ಹೇಳೋಕೆ ಹೆಚ್ಚೇನಿಲ್ಲ. ಹೇಳೋಕಿರೋದೆಲ್ಲ ಹೊಸಪೇಟೆ ಆದ್ಮೇಲೆ. ಅಲ್ಲಿಂದ ಆನೆಗೊಂದಿಗೆ ಎರಡು ದಾರಿ. ಒಂದು ಕಮಲಾಪುರ, ಬುಕ್ಕಸಾಗರ, ಕಡೆಬಾಗಿಲು ಸೇತುವೆ. ಇನ್ನೊಂದು, ಹೊಸಪೇಟೆ ದಾಟಿ ಡ್ಯಾಮಿನ ಕೆಳಗೆ ಹೆದ್ದಾರಿಯಲ್ಲೇ ಹೊಳೆ ದಾಟಿ, ಮುನಿರಾಬಾದ್, ಹುಲಿಗಿ ಕಡೆ ತಿರುಗಿ, ಸಾಣಾಪುರ, ಅಂಜನಾದ್ರಿ ಮೇಲೆ ಆನೆಗೊಂದಿ. ಎರಡನೇದು ನೋಡೋಕೆ ಬಹಳ ಚೆಂದ, ಒಂದು ಕಡೆ ಗದ್ದೆ, ಒಂದು ಕಡೆ ಬಂಡೆ ಗುಡ್ಡ. ಹಗಲಲ್ಲಿ ಇದರಲ್ಲಿ ಹೋಗಿ. ಕತ್ತಲಾದ ಮೇಲೆ ರಸ್ತೆಯಲ್ಲಿ ಲೈಟ್ ಇರಲ್ಲ, ಸುಗ್ಗಿ ಟೈಮಲ್ಲಿ ಟ್ರ್ಯಾಕ್ಟರ್, ಭತ್ತ ಕೊಯ್ಯೋ ಮಷಿನ್‌ಗಳು ಓಡಾಡ್ತಿರುತ್ತವೆ. ಕಾಲುವೆ ಪಕ್ಕ ಕಾರ್ ನಿಲ್ಲಿಸಿ ನಕ್ಷತ್ರ ನೋಡ್ತೀವಿ ಅನ್ನೋ ಐಡಿಯಾನೂ ಬೇಡ.

ಮ್ಯಾಪ್‌ನಲ್ಲಿ ಒಂದು ವಿಷಯ ಗಮನಿಸಿ. ನಮ್ಮ ಫೋನಲ್ಲಿ ನಡೆಯೋ ದಾರಿ ಕೇಳಿದ್ರೆ ಹೊಳೆ ಮೇಲೆ ಚುಕ್ಕಿ ಚುಕ್ಕಿ ಗೆರೆ ತೋರಿಸ್ತು. ನಾನು ಅದನ್ನ ಕಾಲುಸೇತುವೆ ಅಂದ್ಕೊಂಡಿದ್ದೆ! ಅದು ದೋಣಿ ದಾರಿ. ಗೆರೆ ನೀಲಿ ಬಣ್ಣದ ಮೇಲೆ ಹಾದು ಹೋಗ್ತಿದ್ರೆ ಜೂಮ್ ಮಾಡಿ ನೋಡಿ, ಅಲ್ಲಿ ಕಾಂಕ್ರೀಟ್ ಇದ್ಯಾ ಅಂತ.

ಕಾರಿನ ಖರ್ಚು ಲೆಕ್ಕ ಹಾಕೋರಿಗೆ: ಹೋಗಿ ಬಂದು 700 ಕಿಲೋಮೀಟರ್, ಲೀಟರ್‌ಗೆ 15 ಅಂದ್ರೂ 47 ಲೀಟರ್ ಪೆಟ್ರೋಲ್, ಟೋಲ್ ಬೇರೆ. ಐದು ಜನ ಹಂಚ್ಕೊಂಡ್ರೂ ಸ್ಲೀಪರ್ ಕ್ಲಾಸ್ ರೈಲೇ ಅಗ್ಗ. ಆದ್ರೆ ಮಂಡಿನೋವಿನ ಅಜ್ಜಿ ಇದ್ದಾಗ ಆ ಲೆಕ್ಕ ಬೇರೆ. ಕೊನೇ 20 ಕಿಲೋಮೀಟರ್‌ನಲ್ಲಿ ಕಾರು ಉಳಿಸೋದು ದುಡ್ಡನ್ನಲ್ಲ. ರಾತ್ರಿ ರೈಲಲ್ಲಿ ಹೋಗಿ, ಅಲ್ಲಿ ಇಳಿದ ಮೇಲೆ ಆಟೋ ಗೊತ್ತು ಮಾಡ್ಕೊಳ್ಳೋದು ಮಧ್ಯದ ದಾರಿ.

ಹಳೇ ಬ್ಲಾಗ್‌ಗಳನ್ನ ಓದಿ ಪ್ಲಾನ್ ಮಾಡೋರಿಗೆ ಇನ್ನೊಂದು ಎಚ್ಚರಿಕೆ. ವಿರೂಪಾಕ್ಷ ದೇವಸ್ಥಾನದ ಹತ್ತಿರ ದೋಣಿ ಹತ್ತಿ ವಿರೂಪಾಪುರ ಗಡ್ಡೆಗೆ ಹೋದ್ರೆ ಸಾಲಾಗಿ ಗೆಸ್ಟ್‌ಹೌಸ್‌ಗಳಿವೆ, ಹ್ಯಾಮಕ್ ಇದೆ ಅಂತೆಲ್ಲ ಬರೆದಿರ್ತಾರೆ. ಆ ರೆಸಾರ್ಟ್‌ಗಳು ಪರಂಪರೆ ಪ್ರದೇಶದಲ್ಲಿ ಅಕ್ರಮವಾಗಿ ಕಟ್ಟಿದ್ದು ಅಂತ ಕೇಸ್ ನಡೆದು, 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಎಲ್ಲ ಕೆಡವಿದ್ದಾರೆ. ಈಗ ಸ್ಟೇ ಇರೋದು ಆನೆಗೊಂದಿ, ಹನುಮನಹಳ್ಳಿ, ಸಾಣಾಪುರ ಕಡೆ. ಅಲ್ಲೂ ಬುಕ್ ಮಾಡೋ ಮುಂಚೆ ಪರವಾನಗಿ ಇದ್ಯಾ ಅಂತ ಕೇಳೋದಕ್ಕೆ ನಾಚಿಕೆ ಬೇಡ.

ದಿನ ನೋಡ್ಕೊಂಡು ಹೋಗಿ. ಶನಿವಾರ ಅಂಜನಾದ್ರಿಗೆ ಜನ ಜಾಸ್ತಿ. ಡಿಸೆಂಬರ್‌ನಲ್ಲಿ ಹನುಮಮಾಲೆ ಹಾಕಿದವರು ಸಾವಿರಗಟ್ಟಲೆ ಬರ್ತಾರೆ, ಆಗ ಆ ರಸ್ತೆಯಲ್ಲಿ ಗಾಡಿ ಮುಂದೆ ಹೋಗೋದೇ ಕಷ್ಟ. ಬೆಟ್ಟಕ್ಕೆ 575 ಮೆಟ್ಟಿಲು, ಬೆಳಗಿನ ಜಾವ ಹತ್ತಿದ್ರೆ ಚೆನ್ನ. ಈಜು ಬರುತ್ತೆ ಅಂತ ಹೊಳೆಗೆ ಇಳಿಯೋರಿಗೆ ಒಂದೇ ಮಾತು: ಸಾಣಾಪುರದ ಹತ್ತಿರ ಬಂಡೆ ಮೇಲಿಂದ ಹಾರಿದವರು ವಾಪಸ್ ಬರದೇ ಇದ್ದದ್ದಿದೆ. ಕೆಳಗಿನ ಬಂಡೆ, ಸುಳಿ ಮೇಲಿಂದ ಕಾಣಲ್ಲ.

ಈಗ ತಳವಾರಘಟ್ಟಕ್ಕೆ ವಾಪಸ್. ಅಕ್ಕನಿಗೆ ನಾನು, "ವಿಠ್ಠಲ ದೇವಸ್ಥಾನದ ಕಡೆ ಇದ್ದೀವಿ" ಅಂದೆ. ಎರಡು ಸೆಕೆಂಡ್ ಸುಮ್ಮನಿದ್ರು. ಆಮೇಲೆ, "ಹಂಗಾರ ಅಲ್ಲೇ ನಿಲ್ರಿ. ಜೊತಿಗೆ ವಯಸ್ಸಾದೋರು ಅದಾರಂದ್ರಲ್ಲ, ಎಲ್ಲೂ ನಡೀಬ್ಯಾಡ್ರಿ. ಕಮಲಾಪುರದಾಗ ನಮ್ಮ ಹುಡುಗನ ಆಟೋ ಐತಿ, ಕಳಸ್ತೀನಿ" ಅಂದ್ರು. ಅರ್ಧ ಗಂಟೆ ಕಾದ್ವಿ. ಅಷ್ಟರಲ್ಲಿ ಪೂರ್ತಿ ಕತ್ತಲೆ. ನೀರಿನ ಸದ್ದು ಹಗಲಿಗಿಂತ ಜೋರಾಗಿ ಕೇಳಿಸ್ತಿತ್ತು. ಅಮ್ಮ ನನಗೆ ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಅಜ್ಜಿ ಬ್ಯಾಗ್ ಮೇಲೆ ಕೂತು ಮಂಡಿ ಒತ್ತಿಕೊಳ್ತಾ, ಆ ಹಿರಿಯರ ಹತ್ತಿರ ಅವರ ಮನೆ, ಮಕ್ಕಳು, ಬೆಳೆ ಎಲ್ಲ ವಿಚಾರಿಸ್ತಿದ್ರು. ನಮ್ಮ ಆಟೋ ಬರೋವರೆಗೂ ಅವರು ಎದ್ದು ಹೋಗಲಿಲ್ಲ. ಟಾರ್ಚ್ ಹಿಡ್ಕೊಂಡು ಜೊತೆಗೇ ಇದ್ರು.

ಆಟೋ ಬಂತು. ಕಮಲಾಪುರದ ಕಡೆ ವಾಪಸ್ ಹೋಗಿ, ಬುಕ್ಕಸಾಗರ, ಸೇತುವೆ, ಕಡೆಬಾಗಿಲು. ಸೇತುವೆ ಮೇಲೆ ಹೋಗ್ತಾ ಆಟೋ ಅಣ್ಣ ಸ್ವಲ್ಪ ನಿಧಾನ ಮಾಡಿ, "ನೋಡ್ರಿ ಹೊಳಿ" ಅಂದ್ರು. ಏನೂ ಕಾಣ್ಲಿಲ್ಲ, ಕಪ್ಪು. ಎಂಟು ಗಂಟೆಗೆ ಗೆಸ್ಟ್‌ಹೌಸ್ ತಲುಪಿದಾಗ ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ ಇಟ್ಕೊಂಡು ಕಾಯ್ತಿದ್ರು. "ಮೊದ್ಲ ಒಂದ್ ಫೋನ್ ಮಾಡಿದ್ರ ಗಂಗಾವತಿಗೆ ಬರ್ರಿ ಅಂತಿದ್ನೆಲ್ಲವ್ವ" ಅಂತ ಅಕ್ಕ ನನಗೆ ಬಡಿಸ್ತಾ ಹೇಳಿದ್ರು.

ನಾವು ಅಲ್ಲಿದ್ದಿದ್ದು ಮೂರು ದಿನ. ಮೂರು ದಿನವೂ ದೋಣಿ ಬಿಡಲಿಲ್ಲ. ನವಬೃಂದಾವನಕ್ಕೆ ಹೋಗೋಕೆ ಆನೆಗೊಂದಿ ಕಡೆಯಿಂದಲೂ ದೋಣಿಯೇ ಬೇಕು, ಬೇರೆ ದಾರಿ ಇಲ್ಲ. ಅಂದ್ರೆ ನಾವು ಸರಿಯಾದ ದಂಡೆಗೆ ಸರಿಯಾಗಿಯೇ ಬಂದಿದ್ರೂ ಆ ವಾರ ಅಜ್ಜಿಗೆ ಬೃಂದಾವನ ಸಿಗ್ತಿರಲಿಲ್ಲ. ಬಂದ ಕಾರಣವೇ ತಪ್ಪಿಹೋಯ್ತು. ಟಿಕೆಟ್ ಬುಕ್ ಮಾಡೋ ದಿನ ಡ್ಯಾಮಿನ ಸುದ್ದಿ ಓದಿದ್ರೆ ಎರಡು ತಿಂಗಳು ಮುಂದೆ ಹಾಕಬಹುದಿತ್ತು. ದಿನಾ ಬೆಳಿಗ್ಗೆ ಅಜ್ಜಿ ಸ್ನಾನ ಮುಗಿಸಿ ದಡಕ್ಕೆ ಬಂದು ನಡುಗಡ್ಡೆ ಕಡೆ ಮುಖ ಮಾಡಿ ಕೈ ಮುಗಿದು, ಒಂದು ಕಲ್ಲಿನ ಹತ್ತಿರ ನೀರು ಎಲ್ಲೀವರೆಗೆ ಬಂದಿದೆ ಅಂತ ನೋಡ್ತಿದ್ರು. ಮೂರನೇ ದಿನ ನೀರು ಒಂದು ಗೇಣು ಇಳಿದಿತ್ತು. "ಇನ್ನೊಂದ್ ವಾರ ಇದ್ದಿದ್ರೆ ಆಗ್ತಿತ್ತು ನೋಡು" ಅಂದ್ರು, ಅಷ್ಟೇ.

ಜನವರಿ ಕೊನೆಗೆ ಮತ್ತೆ ಹೋಗ್ತಿದ್ದೀವಿ. ಮಳೆಗಾಲದ ನೀರು ಇಳಿದಿರುತ್ತೆ, ಹನುಮಮಾಲೆ ಗದ್ದಲ ಮುಗಿದಿರುತ್ತೆ. ಈ ಸಲ ಟಿಕೆಟ್ ಗಂಗಾವತಿಗೆ. ಗೆಸ್ಟ್‌ಹೌಸ್ ಅಕ್ಕನಿಗೆ ಫೋನ್ ಮಾಡೋ ಕೆಲಸವನ್ನ ಅಜ್ಜಿಯೇ ತಗೊಂಡಿದ್ದಾರೆ. ವಾರಕ್ಕೊಂದು ಸಲ ಮಾಡ್ತಾರೆ, ಹೊಳೆ ಹೆಂಗಿದೆ ಅಂತ ಕೇಳ್ತಾರೆ. ಹೋದ ಭಾನುವಾರದ ಸುದ್ದಿ: ಹರಿಗೋಲು ಶುರುವಾಗಿದೆ.